ಓಟದ ಹಾದಿಯಲ್ಲಿ ಮೊದಲ ದಿನ

ಯಾದಗಿರಿ ಜಿಲ್ಲೆಯ ಕಡೇಚೂರು ಈಗ ಕೈಗಾರಿಕಾ ಪ್ರದೇಶವೆಂದು ಹೆಸರಾಗಿದೆ. ಅಂಥ ಊರಿನಲ್ಲಿ ಬರಿದಾದ ನೇರ ರಸ್ತೆಯೊಂದು ಕಂಡಿತೆಂದರೆ, ಹೊಸದಾಗಿ ಮೋಟಾರ್ ಸೈಕಲ್ಲು ಕೊಂಡ ತರುಣನ ಮಣಿಕಟ್ಟು ತಾನಾಗಿಯೇ ತಿರುಗುತ್ತದೆ. ಆದರೆ ಆ ರಸ್ತೆ ಅವನೊಬ್ಬನದಲ್ಲ. ಮುಂದಿನ ತಿರುವಿನಲ್ಲಿ ಲಾರಿ ನಿಂತಿರಬಹುದು, ಎಮ್ಮೆ ಅಡ್ಡ ಬರಬಹುದು, ಶಾಲೆ ಬಿಟ್ಟ ಮಕ್ಕಳು ಸೈಕಲ್ ತುಳಿಯುತ್ತಿರಬಹುದು. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಹೂಡುವುದು ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನ ಪ್ರಕಾರ ಶಿಕ್ಷಾರ್ಹ ಅಪರಾಧವೂ ಹೌದು.

ವೇಗದ ಹಂಬಲಕ್ಕೆ ತಕ್ಕ ಸ್ಥಳ ಬೇರೆ ಇದೆ. ಚೆನ್ನೈ ಸಮೀಪದ ಇರುಂಗಾಟ್ಟುಕೋಟೆಯಲ್ಲಿ 1990ರಲ್ಲಿ ಆರಂಭವಾದ ಓಟದ ಹಾದಿ ಸುಮಾರು 3.7 ಕಿಲೋಮೀಟರು ಉದ್ದವಾಗಿದ್ದು 12 ತಿರುವುಗಳನ್ನು ಹೊಂದಿದೆ. ಕೊಯಮತ್ತೂರಿನ ಬಳಿಯ ಕರಿ ಹಾದಿ ಅದಕ್ಕಿಂತ ಚಿಕ್ಕದು, 2.1 ಕಿಲೋಮೀಟರು. ಪಂದ್ಯವಿಲ್ಲದ ಕೆಲವು ದಿನಗಳಲ್ಲಿ ಇಂಥ ಹಾದಿಗಳಲ್ಲಿ ಸಾಮಾನ್ಯ ಸವಾರರೂ ಶುಲ್ಕ ತೆತ್ತು ಗಾಡಿ ಓಡಿಸಬಹುದು. ಇದಕ್ಕೆ ‘ಟ್ರ್ಯಾಕ್ ಡೇ’ ಎಂದು ಹೆಸರು. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಸಾಗುತ್ತಾರೆ. ಎದುರಿನಿಂದ ಬರುವವರಿಲ್ಲ, ಬಹುಮಾನವೂ ಇಲ್ಲ.

ಹೀಗಿದ್ದರೂ ಮೊದಲ ಸಲ ಹೋಗುವವನ ಎದೆ ಡವಗುಟ್ಟುವುದು ಸಹಜ. ಮನೆಯಲ್ಲಿ ತಾಯಿಗೆ ಅದಕ್ಕಿಂತ ಹೆಚ್ಚು ದಿಗಿಲು. ಆ ದಿಗಿಲು ಕಾರಣವಿಲ್ಲದ್ದಲ್ಲ. 2023ರ ಆಗಸ್ಟಿನಲ್ಲಿ ಚೆನ್ನೈಯ ಇದೇ ಹಾದಿಯಲ್ಲಿ ನಡೆದ ಪಂದ್ಯದಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಬಿದ್ದು ಅಸು ನೀಗಿದ. ಓಟದ ಹಾದಿ ಅಪಾಯವನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ. ಆದ್ದರಿಂದ ಅಂಜಿಕೆಯನ್ನು ಅಡಗಿಸುವುದಕ್ಕಿಂತ ಅದನ್ನು ಕೆಲಸಕ್ಕೆ ಹಚ್ಚುವುದು ಲೇಸು. ಅಂಜುವವನೇ ಗಾಡಿಯನ್ನು ಎರಡು ಸಲ ಪರೀಕ್ಷಿಸುತ್ತಾನೆ.

ಪರೀಕ್ಷೆ ಮನೆಯಲ್ಲಿಯೇ ಮುಗಿದಿರಬೇಕು. ಟೈರು, ಬ್ರೇಕು, ಚೈನು ಈ ಮೂರೂ ಚೊಕ್ಕವಾಗಿರಲಿ. ಎಣ್ಣೆ ಎಲ್ಲಿಯೂ ಜಿನುಗಬಾರದು. ಕನ್ನಡಿಗಳನ್ನು ಬಿಚ್ಚಿಡುವುದು, ದೀಪದ ಗಾಜಿಗೆ ಅಂಟುಪಟ್ಟಿ ಹಚ್ಚುವುದು ವಾಡಿಕೆ. ಗಾಡಿ ಬಿದ್ದರೆ ಗಾಜಿನ ಚೂರು ಹಿಂದೆ ಬರುವವನ ಟೈರಿಗೆ ಸಿಗಬಾರದು. ಉಡುಪಿನಲ್ಲಿ ಜಿಪುಣತನ ಸಲ್ಲದು. ಮುಖವೆಲ್ಲ ಮುಚ್ಚುವ ಹೆಲ್ಮೆಟ್, ಚರ್ಮದ ಉಡುಪು, ಬೆನ್ನಿನ ಕವಚ, ಮಣಿಕಟ್ಟು ಮುಚ್ಚುವ ಕೈಗವಸು, ಹರಡು ಮುಚ್ಚುವ ಬೂಟು ಬೇಕೇ ಬೇಕು. ಕೊಳ್ಳಲು ಹಣವಿಲ್ಲದಿದ್ದರೆ ಬಾಡಿಗೆಗೆ ಸಿಗುವುದೇ ಎಂದು ಮುಂಚಿತವಾಗಿ ವಿಚಾರಿಸಬೇಕು. ವಿಮೆಯ ಕಾಗದವನ್ನೂ ಒಮ್ಮೆ ಓದಬೇಕು. ಪಂದ್ಯ ಮತ್ತು ವೇಗಪರೀಕ್ಷೆಗಳಲ್ಲಿ ಆದ ನಷ್ಟವನ್ನು ಸಾಮಾನ್ಯ ವಾಹನ ವಿಮೆ ತುಂಬಿಕೊಡುವುದಿಲ್ಲ.

ಕಡೇಚೂರಿನಿಂದ ಇರುಂಗಾಟ್ಟುಕೋಟೆಗೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ರಾತ್ರಿಯೆಲ್ಲ ಗಾಡಿ ಓಡಿಸಿ ಬೆಳಗ್ಗೆ ಹಾದಿಗೆ ಇಳಿಯುವುದು ಅವಿವೇಕ. ಒಂದು ದಿನ ಮುಂಚೆ ತಲುಪಿ, ಉಂಡು, ನಿದ್ದೆ ಮಾಡಿರಬೇಕು. ಯಾದಗಿರಿಯ ಬಿಸಿಲು ಕಂಡವನಿಗೂ ಚರ್ಮದ ಉಡುಪಿನೊಳಗಿನ ಸೆಕೆ ಹೊಸದು. ಬಾಯಾರುವ ಮೊದಲೇ ನೀರು ಕುಡಿಯುತ್ತಿರಬೇಕು.

ಬೆಳಗ್ಗೆ ನಡೆಯುವ ಸಭೆಯಲ್ಲಿ ಹೇಳುವ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಬೇಕು. ಬಾವುಟಗಳೇ ಅಲ್ಲಿನ ಭಾಷೆ. ಹಳದಿ ಕಂಡರೆ ಮುಂದೆ ಅಪಾಯ, ಯಾರನ್ನೂ ಹಿಂದಿಕ್ಕಬಾರದು. ಕೆಂಪು ಕಂಡರೆ ಓಟ ನಿಂತಿತು. ವೇಗ ತಗ್ಗಿಸಿ ಮರಳಬೇಕು. ಹಳದಿ-ಕೆಂಪು ಪಟ್ಟೆಯ ಬಾವುಟ ಜಾರುವ ನೆಲದ ಸೂಚನೆ. ಚೌಕುಳಿ ಬಾವುಟ ಸರದಿ ಮುಗಿದದ್ದನ್ನು ತಿಳಿಸುತ್ತದೆ. ಹೆಸರು ಬರೆಸುವಾಗ ಹೊಸಬರ ಗುಂಪನ್ನೇ ಆರಿಸಿಕೊಳ್ಳಬೇಕು. ಅದರಲ್ಲಿ ನಾಚಿಕೆ ಏನೂ ಇಲ್ಲ.

ಹಾದಿಗಿಳಿದ ಮೇಲೆ ನೆನಪಿಡಬೇಕಾದುದು ಸ್ವಲ್ಪವೇ. ಮೊದಲ ಸುತ್ತುಗಳಲ್ಲಿ ಟೈರು ತಣ್ಣಗಿರುತ್ತದೆ, ಹಿಡಿತ ಕಡಿಮೆ, ನಿಧಾನವೇ ಸರಿ. ಗಾಡಿ ನೆಟ್ಟಗಿರುವಾಗಲೇ ಬ್ರೇಕು ಹಾಕಿ ಮುಗಿಸಬೇಕು. ತಿರುವಿನೊಳಗೆ ಹೆದರಿ ಬ್ರೇಕನ್ನು ಗಕ್ಕನೆ ಅಮುಕುವುದೂ ಆಕ್ಸಿಲರೇಟರನ್ನು ಒಮ್ಮೆಗೇ ಬಿಡುವುದೂ ಬೀಳುವ ದಾರಿ. ಮೊಣಕಾಲುಗಳಿಂದ ಟ್ಯಾಂಕನ್ನು ಅಪ್ಪಿ ಹಿಡಿದರೆ ಕೈಗಳು ಸಡಿಲವಾಗಿರುತ್ತವೆ. ಕಣ್ಣು ಎತ್ತ ನೋಡುವುದೋ ಗಾಡಿ ಅತ್ತ ಸಾಗುತ್ತದೆ. ಆದ್ದರಿಂದ ಅಂಚನ್ನು ನೋಡದೆ, ತಿರುವು ಮುಗಿಯುವ ಸ್ಥಳವನ್ನು ನೋಡಬೇಕು. ಹಿಂದಿನಿಂದ ಬಂದವರಿಗೆ ದಾರಿ ಕೊಡಲೆಂದು ಪಕ್ಕಕ್ಕೆ ಸರಿಯುವುದು ತಪ್ಪು. ತನ್ನ ದಾರಿಯಲ್ಲಿ ತಾನು ನೇರವಾಗಿ ಹೋದರೆ ಸಾಕು. ದಾಟುವ ಹೊಣೆ ದಾಟುವವನದು.

ಎರಡು ಸರದಿ ಕಳೆಯುವಷ್ಟರಲ್ಲಿ ಹೆದರಿಕೆ ಕರಗುತ್ತದೆ. ಅಸಲು ಎಚ್ಚರ ಬೇಕಾದುದು ಆಗಲೇ. ಧೈರ್ಯ ಏರುವ ಹೊತ್ತಿಗೆ ದೇಹ ದಣಿದಿರುತ್ತದೆ. ಮಧ್ಯಾಹ್ನದ ಮೇಲೆ ‘ಇನ್ನೊಂದೇ ಸುತ್ತು’ ಎಂಬ ಆಸೆ ಅನೇಕರನ್ನು ಕೆಡವಿದೆ. ಕೈ ನಡುಗಿದರೆ, ತಿರುವಿನ ಗುರುತು ತಪ್ಪಿದರೆ, ಕೊನೆಯ ಸರದಿಯನ್ನು ಬಿಟ್ಟು ನೆರಳಿನಲ್ಲಿ ಕುಳಿತವನೇ ಜಾಣ. ಕೊಟ್ಟ ಹಣ ವ್ಯರ್ಥವಾಯಿತೆಂದು ಕೊರಗಬೇಕಾಗಿಲ್ಲ.

ಊರಿಗೆ ಮರಳಿದ ತರುಣ ಎಷ್ಟು ನಿಮಿಷದಲ್ಲಿ ಸುತ್ತು ಮುಗಿಸಿದನೆಂದು ಗೆಳೆಯರು ಕೇಳಿಯಾರು. ತಾಯಿ ಅದನ್ನು ಕೇಳುವುದಿಲ್ಲ. ಮರುದಿನ ಅದೇ ಬರಿದಾದ ರಸ್ತೆಯಲ್ಲಿ, ಎತ್ತಿನ ಗಾಡಿಯ ಹಿಂದೆ ಅವಸರಪಡದೆ ಬರುತ್ತಿರುವ ಮಗನನ್ನು ಕಂಡರೆ, ಅಷ್ಟು ದೂರ ಹೋಗಿ ಅವನು ಕಲಿತುಬಂದದ್ದು ಏನೆಂದು ಅವಳಿಗೆ ತಿಳಿಯುತ್ತದೆ.