ಹೋಳಿಗೆಯ ಲೆಕ್ಕ, ದಿಗಿಲಿನ ಲೆಕ್ಕ

ಹೆಂಗಸಿಗೆ ಸಕ್ಕರೆ ಕಾಯಿಲೆ ಬಂತೆಂದರೆ ಮನೆಯವರೆಲ್ಲ ಒಮ್ಮೆಲೇ ಡಾಕ್ಟರಾಗಿಬಿಡುತ್ತಾರೆ. ಹಬ್ಬದಲ್ಲಿ ಎಷ್ಟು ಹೋಳಿಗೆ ತಿಂದಳು, ಕಾಫಿಗೆ ಎಷ್ಟು ಚಮಚ ಸಕ್ಕರೆ ಹಾಕಿಕೊಂಡಳು ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ಎಷ್ಟು ಹೊತ್ತಿಗೆ ಮಲಗಿದಳು, ಯಾರ ಮಾತಿಗೆ ನಡುಗಿದಳು, ಯಾವ ಸಾಲ ನೆನೆದು ನಡುರಾತ್ರಿ ಎದ್ದು ಕುಳಿತಳು ಎಂಬ ಲೆಕ್ಕ ಮಾತ್ರ ಯಾರ ಬಳಿಯೂ ಇಲ್ಲ. ಈ ಎರಡನೆಯ ಲೆಕ್ಕವೂ ರಕ್ತದ ಸಕ್ಕರೆಗೆ ಸೇರಿದ್ದೇ ಎಂಬುದು ನನ್ನ ವಾದ.

ನಮ್ಮ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗವನ್ನೇ ನೋಡಿ. ಬೆಟ್ಟದ ಮೇಲೆ ಕೆಂಪೇಗೌಡರ ಹೆಸರಿನ ಕೋಟೆ. ಶತ್ರು ಬಂದನೆಂದು ಕಹಳೆ ಊದಿದರೆ ಇಂಥ ಕೋಟೆಯಲ್ಲಿ ಕಣಜದ ಬಾಗಿಲು ತೆಗೆದು ಕಾದಾಡುವವರಿಗೆ ಧಾನ್ಯ ಕೊಡಬೇಕು ತಾನೆ? ದೇಹವೂ ಹಾಗೆಯೇ. ದಿಗಿಲಾದೊಡನೆ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಅಡ್ರಿನಲಿನ್ ಬಂದರೆ ಲಿವರು ಕೂಡಿಟ್ಟ ಸಕ್ಕರೆಯನ್ನು ಹೊರಕ್ಕೆ ಸುರಿಯುತ್ತದೆ. ಕಾರ್ಟಿಸಾಲ್ ಹೊಸ ಸಕ್ಕರೆ ಮಾಡಿಸುತ್ತದೆ, ಇನ್ಸುಲಿನ್ನಿನ ಆಟ ನಡೆಯದಂತೆಯೂ ನೋಡಿಕೊಳ್ಳುತ್ತದೆ. ಓಡುವವರಿಗೆ, ಕಾದಾಡುವವರಿಗೆ ಇದು ಬೇಕಾದದ್ದೇ. ಆದರೆ ಒಲೆಯ ಮುಂದೆ ನಿಂತು ಮಾತು ನುಂಗುವವಳು ಎಲ್ಲಿಗೆ ಓಡಿಯಾಳು? ದಿನವೂ ಕಹಳೆ, ದಿನವೂ ತೆರೆದ ಕಣಜ. ಮೊದಲೇ ಇನ್ಸುಲಿನ್ ಸಾಲದ ಮೈಯಲ್ಲಿ ಆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ಇದೆಲ್ಲ ಹೆಂಗಸರ ನೆಪ ಎನ್ನುವವರಿಗೆ ಹಳೆಯ ಸಾಕ್ಷಿಯೇ ಇದೆ. 1911ರಲ್ಲೇ ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ ಹೆದರಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಕಂಡರು. ಆ ಬೆಕ್ಕುಗಳೇನು ಹೋಳಿಗೆ ತಿಂದಿದ್ದವೆ? ಉಬ್ಬಸಕ್ಕೋ ಕೀಲುನೋವಿಗೋ ಕಾರ್ಟಿಸಾಲಿನ ಬಳಗದ ಸ್ಟೀರಾಯ್ಡ್ ಮಾತ್ರೆ ನುಂಗುವವರಿಗೆ ಸಕ್ಕರೆ ಏರಬಹುದೆಂದು ವೈದ್ಯರೇ ಎಚ್ಚರಿಸುತ್ತಾರೆ. ಮಾತ್ರೆಯಿಂದ ಏರಿದ್ದು ನಿಜ, ಮನಸ್ಸಿನ ಕುದಿತದಿಂದ ಏರಿದ್ದು ಮಾತ್ರ ಸುಳ್ಳೇ?

ಹಾಗೆಂದು ಹೋಳಿಗೆ ನಿರಪರಾಧಿಯಲ್ಲ. ವಂಶ, ಬೊಜ್ಜು, ಕೂತಲ್ಲೇ ಕೂರುವುದು, ಎಲ್ಲವೂ ಕಾರಣಗಳೇ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆಯಿದೆ ಎಂದು ಅಂದಾಜು ಮಾಡಿದೆ. ಚಿಂತೆಯೊಂದೇ ಇಷ್ಟಕ್ಕೆಲ್ಲ ಕಾರಣವೆಂದು ನಾನು ಹೇಳುತ್ತಿಲ್ಲ. ಮಾತ್ರೆ ಬಿಡಿ ಎಂದಂತೂ ಖಂಡಿತ ಹೇಳುತ್ತಿಲ್ಲ.

ನನ್ನ ಜಗಳವಿರುವುದು "ಟೆನ್ಷನ್ ಮಾಡ್ಕೋಬೇಡಮ್ಮ" ಎಂಬ ಪುಕ್ಕಟೆ ಉಪದೇಶದ ಮೇಲೆ. ಬೆತ್ತ ಹಿಡಿದು ನಿಂತು "ಹೆದರಬೇಡ" ಎಂದರೆ ಮಗುವಿನ ಹೆದರಿಕೆ ಹೋಗುವುದಿಲ್ಲ, ಬೆತ್ತ ಕೆಳಗಿಡಬೇಕು. ಮಾವನವರ ಔಷಧಿಯನ್ನು ಮಗನಾದವನು ನೋಡಿಕೊಳ್ಳಲಿ. ಬೆಳಗಿನ ಹಾಲು ಬೇರೆಯವರು ತರಲಿ. ಸಾಲದ ಸುದ್ದಿ ಸಾಲಗಾರ ಬಾಗಿಲಿಗೆ ಬರುವ ಮೊದಲೇ ಆಕೆಗೆ ತಿಳಿಯಲಿ. ನಿದ್ದೆಗೆಟ್ಟರೂ ಇನ್ಸುಲಿನ್ ಸೋಲುತ್ತದೆ, ಆದ್ದರಿಂದ ಆಕೆ ಏಳು ಗಂಟೆ ಮಲಗಲಿ. ಸಂಜೆ ಅರ್ಧ ಗಂಟೆ ಆಕೆಯನ್ನು ನಡೆಯಲು ಬಿಡಿ; ಕಣಜದಿಂದ ಸುರಿದ ಸಕ್ಕರೆ ನಡೆಯುವ ಕಾಲುಗಳಲ್ಲಿ ಖರ್ಚಾಗುತ್ತದೆ.

ಸೋದರಿಯರೇ, ಮುಂದಿನ ಸಲ ಡಾಕ್ಟರ ಬಳಿಗೆ ಹೋಗುವಾಗ ಊಟದ ಪಟ್ಟಿಯ ಜೊತೆಗೆ ನಿದ್ದೆಯ ಪಟ್ಟಿಯನ್ನೂ ಒಯ್ಯಿರಿ. ಮನೆಯ ಯಜಮಾನರನ್ನೂ ಕರೆದುಕೊಂಡು ಹೋಗಿ. ಔಷಧಿ ಚೀಟಿಯಲ್ಲಿ ಅವರ ಪಾಲಿನದೂ ಒಂದಿಷ್ಟು ಬರೆಸಬೇಕಾಗಿದೆ.