ನೀರು ಮೇಲಿನವರದು, ಖರ್ಚು ಕೆಳಗಿನವರದು

ಮೋರಿ ದೊಡ್ಡದು ಮಾಡಿಸುವ ಮಾತು ಬಂದಾಗಲೆಲ್ಲ ಒಂದು ನ್ಯಾಯ ಕೇಳಿಬರುತ್ತದೆ: ಅನುಕೂಲ ಯಾರಿಗೋ ಖರ್ಚೂ ಅವರಿಗೇ. ಕೇಳಲು ಎಷ್ಟು ಚೆಂದ! ಆದರೆ ಅಡುಗೆಮನೆಗೆ ಕೊಳಚೆ ನುಗ್ಗದೆ ಇರುವುದನ್ನು 'ಅನುಕೂಲ' ಎಂದು ಕರೆದವರು ಯಾರು? ಕಳ್ಳ ಬಾರದಿದ್ದರೆ ಅದನ್ನೂ ಅನುಕೂಲವೆಂದು ಲೆಕ್ಕ ಹಾಕಿ ನಮ್ಮಿಂದ ವಸೂಲು ಮಾಡುತ್ತಾರೆಯೆ?

ಬೆಂಗಳೂರನ್ನೇ ನೋಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರು. ಅಲ್ಲಿ ಬಿದ್ದ ಮಳೆ ಮುಖ್ಯವಾಗಿ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳ ಕಡೆ ಇಳಿಯುತ್ತದೆ. ಹಿಂದಿನವರು ಇಳಿಜಾರಿನುದ್ದಕ್ಕೂ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ನಾವು ಮಾಡಿದ್ದೇನು? ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಕೆರೆ ಹೋಯಿತು, ಮಳೆ ಹೋಗಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ.

ನಮ್ಮ ಬೀದಿಯೂ ತಗ್ಗಿನದೇ. ಮೋರಿಗೆಂದು ಚಂದಾ ಎತ್ತುವ ಸಭೆ ಸೇರಿದಾಗ ಮೇಲಿನ ರಸ್ತೆಯ ಯಜಮಾನರೊಬ್ಬರು, "ನಮ್ಮಲ್ಲಿ ನೀರೇ ನಿಲ್ಲೋದಿಲ್ವಲ್ಲಮ್ಮ, ನಾವ್ಯಾಕೆ ಕೊಡಬೇಕು?" ಎಂದರು. ಹೇಗೆ ನಿಂತೀತು ಸ್ವಾಮಿ? ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿ, ಬಂದದ್ದನ್ನೆಲ್ಲ ನಮ್ಮ ಕಡೆ ಸಾಗಹಾಕಿದ್ದೀರಲ್ಲ!

ಲೆಕ್ಕ ಕಷ್ಟದ್ದೇನಲ್ಲ. 30x40 ಅಡಿಯ ನಿವೇಶನವನ್ನು ಪೂರ್ತಿ ಸಿಮೆಂಟಿನಿಂದ ಮುಚ್ಚಿದರೆ, 50 ಮಿಲಿಮೀಟರ್ ಮಳೆಗೆ ಅಲ್ಲಿ ಸುಮಾರು 5,500 ಲೀಟರ್ ನೀರು ಬೀಳುತ್ತದೆ. 15 ಲೀಟರಿನ ಕೊಡದಲ್ಲಿ ಅಳೆದರೆ 370 ಕೊಡ! ಮಣ್ಣಿನ ಅಂಗಳವಿದ್ದರೆ ಒಂದಿಷ್ಟನ್ನು ಭೂಮಿ ಕುಡಿಯುತ್ತದೆ. ಸಿಮೆಂಟಿನ ಮೇಲೆ ಬಿದ್ದದ್ದು ಹೆಚ್ಚುಕಡಿಮೆ ಎಲ್ಲವೂ ರಸ್ತೆಗೆ. ಎರಡು ಕೋಣೆಯ ಮನೆಯ ವಿಧವೆಗೂ, ಎಕರೆಗಟ್ಟಲೆ ಜಾಗಕ್ಕೆ ಕಾಂಕ್ರೀಟ್ ಸುರಿದ ಕಲ್ಯಾಣಮಂಟಪಕ್ಕೂ 'ತಲಾ ಇಷ್ಟು' ಎನ್ನುವುದು ಸಮಾನತೆಯಲ್ಲ, ಸೋಮಾರಿತನ.

ಜರ್ಮನಿಯ ಬರ್ಲಿನ್ನಿನಲ್ಲಿ 2000ದಿಂದ ಮಳೆನೀರಿಗೇ ಬೇರೆ ಶುಲ್ಕವಿದೆ. ಚರಂಡಿಗೆ ನೀರು ಬಿಡುವ ಸೂರು, ಸಿಮೆಂಟಿನ ಅಂಗಳ ಎಷ್ಟು ಚದರ ಮೀಟರಿದೆಯೋ ಅಷ್ಟಕ್ಕೆ ಹಣ. ನೀರನ್ನು ತನ್ನ ನೆಲದಲ್ಲೇ ಇಂಗಿಸಿಕೊಂಡವರಿಗೆ ಆ ಭಾಗದ ಹೊರೆಯಿಲ್ಲ. ಬೆಂಗಳೂರಿನಲ್ಲೂ 2009ರಲ್ಲಿ ಕಾನೂನು ತಿದ್ದಿ, ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಮಾಡಿದರು. ಪೈಪು ತೋರಿಕೆಗೆ ನಿಂತಿದೆಯೋ, ನಿಜಕ್ಕೂ ನೀರು ಹಿಡಿಯುತ್ತಿದೆಯೋ ಎಂಬುದು ಶುಲ್ಕದಲ್ಲಿ ಕಂಡರೆ ಎಲ್ಲರೂ ತಾವಾಗಿಯೇ ಇಂಗುಗುಂಡಿ ತೋಡಿಸುತ್ತಾರೆ.

"ತಗ್ಗಿನಲ್ಲಿ ಮನೆ ಕಟ್ಟಿದ್ದು ಯಾಕೆ?" ಎಂದು ಕೇಳುವವರಿದ್ದಾರೆ. ರಾಜಕಾಲುವೆಯನ್ನೇ ನುಂಗಿ ಕಟ್ಟಿದವರನ್ನು ಕೇಳಿ, ಒಪ್ಪುತ್ತೇನೆ. ಆದರೆ ಕೈಗೆಟಕುವ ಬೆಲೆಗೆ ಸಿಕ್ಕ ಜಾಗ ಅದೊಂದೇ ಎಂದು, ಕಾಗದಪತ್ರ ನೋಡಿಯೇ ಕೊಂಡವರೂ ಬೇಕಾದಷ್ಟಿದ್ದಾರೆ. ಅವರ ಮೇಲೆ ಮೂರು ಬೀದಿಯ ನೀರು ಹೊರಿಸುವ ಹಕ್ಕು ದಿಣ್ಣೆಯವರಿಗೆ ಎಲ್ಲಿಂದ ಬಂತು?

ತಗ್ಗಿನವರು ಈಗಾಗಲೇ ಕೊಡುತ್ತಿರುವುದು ಯಾವ ರಸೀದಿಯಲ್ಲೂ ಇಲ್ಲ. ರಾತ್ರಿ ಎರಡಕ್ಕೆ ಎದ್ದು ಅಕ್ಕಿಡಬ್ಬ ಅಟ್ಟಕ್ಕೇರಿಸುವವಳು, ನೆನೆದ ಹಾಸಿಗೆ ಹಿಂಡುವವಳು, ಮಕ್ಕಳ ಪುಸ್ತಕ ಒಂದೊಂದೇ ಹಾಳೆ ಬಿಡಿಸಿ ಒಣಗಿಸುವವಳು, ಮೂರು ದಿನ ಕೆಸರು ಬಳಿಯುವವಳು ಹೆಣ್ಣೇ. ಅವಳ ಕೂಲಿಯನ್ನು ಯಾವ ಇಂಜಿನಿಯರ್ ಅಂದಾಜುಪಟ್ಟಿಗೆ ಸೇರಿಸಿದ್ದಾನೆ?

ನಿಮ್ಮೂರಿನಲ್ಲೂ ಮೋರಿಯ ಮಾತು ಬಂದೇ ಬರುತ್ತದೆ. ಸಭೆಗೆ ಗಂಡಸರನ್ನು ಮಾತ್ರ ಕಳಿಸಿ ಕೂರಬೇಡಿ, ನೀವೂ ಹೋಗಿ. ಮನೆಗೆ ಎಷ್ಟು ಚಂದಾ ಎಂದು ಕೇಳುವ ಮೊದಲು, ಯಾವ ಸೂರಿನಿಂದ ಎಷ್ಟು ನೀರು ಬರುತ್ತಿದೆ ಎಂದು ಅಳೆಯಲು ಹೇಳಿ. ಚಂದಾದ ಪಟ್ಟಿ ಆಮೇಲೆ ಬರೆಯಲಿ.