ಹತ್ತು ನಿಮಿಷಕ್ಕೊಬ್ಬನಿಗೆ ಮದ್ದು, ಒಂದೂವರೆ ಗಂಟೆಗೆ ಹಾಹಾಕಾರ!

ಕೈತುಂಬ ದುಡ್ಡು, ಪುಕ್ಕಟೆ ಊಟ, ಕೆಲವು ದಿನ ಮಂಚದ ಮೇಲೆ ಆರಾಮ. ಇಂಥ ಕೆಲಸ ಸಿಕ್ಕಿದರೆ ಯಾರು ಬೇಡ ಅಂತಾರೆ? 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿದ್ದ ಔಷಧ ಪರೀಕ್ಷಾ ಘಟಕಕ್ಕೆ ಬಂದ ಎಂಟು ಜನ ಯುವಕರೂ ಬೇಡ ಅನ್ನಲಿಲ್ಲ. ತಲೆಗೆ 2,000 ಪೌಂಡ್. ಆಗಿನ ಲೆಕ್ಕದಲ್ಲಿ ಸುಮಾರು ಒಂದೂವರೆ ಲಕ್ಷ ರೂಪಾಯಿ! ಎಲ್ಲರೂ ಗಟ್ಟಿಮುಟ್ಟು, ಕಾಯಿಲೆ ಕಸಾಲೆ ಇಲ್ಲದವರು. ಅದೇ ಅವರ ಅರ್ಹತೆ.

ಬೆಳಗ್ಗೆ 8ರ ಸುಮಾರಿಗೆ ಶುರುವಾಯ್ತು. ಹತ್ತು ನಿಮಿಷಕ್ಕೊಬ್ಬನಂತೆ ಸಾಲಾಗಿ ನರಕ್ಕೆ ಮದ್ದು ಬಿಟ್ಟರು. ಆರು ಜನಕ್ಕೆ ಅಸಲಿ, ಇಬ್ಬರಿಗೆ ಹುಸಿ. ಮೊದಲನೆಯವನಿಗೆ ತಲೆ ಸಿಡಿಯತೊಡಗಿ, ಇದೇನು ಅಂತ ಡಾಕ್ಟರಿಗೆ ಹೊಳೆಯುವಷ್ಟರಲ್ಲಿ ಕೊನೆಯವನ ಮೈಗೂ ಮದ್ದು ಇಳಿದಾಗಿತ್ತು. ಒಂದೂವರೆ ಗಂಟೆಯೊಳಗೆ ಆರೂ ಜನಕ್ಕೆ ಬೆನ್ನುನೋವು, ವಾಂತಿ, ಚಳಿಜ್ವರ. ರಾತ್ರಿ ಕಳೆಯುವುದರೊಳಗೆ ಆರೂ ಮಂದಿ ತೀವ್ರ ನಿಗಾ ಘಟಕದಲ್ಲಿ! ಶ್ವಾಸಕೋಶ, ಮೂತ್ರಪಿಂಡ ಮುಷ್ಕರ ಹೂಡಿದ್ದವು. ಮುಖ ಊದಿಕೊಂಡದ್ದನ್ನು ಕೇಳಿ ಲಂಡನ್ ಪತ್ರಿಕೆಗಳು ‘ಆನೆಮನುಷ್ಯ’ ಅಂತ ಹೆಡ್ಡಿಂಗ್ ಹಾಕಿದವು. ಹುಸಿ ಮದ್ದು ಸಿಕ್ಕಿದ ಇಬ್ಬರು ಪಕ್ಕದ ಮಂಚದಿಂದ ಇದನ್ನೆಲ್ಲ ನೋಡಿದರು.

ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆದರೆ ಒಬ್ಬನ ಕಾಲ್ಬೆರಳು, ಕೈಬೆರಳುಗಳು ಕಪ್ಪಾಗಿ, ಅವುಗಳ ಭಾಗ ಕತ್ತರಿಸಬೇಕಾಯ್ತು.

ಮದ್ದಿನ ಹೆಸರು ಟಿಜಿಎನ್1412. ಜರ್ಮನಿಯ ವುರ್ಟ್ಸ್‌ಬರ್ಗ್ ಊರಿನ ಟೆಜೆನೆರೋ ಎಂಬ ಸಣ್ಣ ಕಂಪನಿಯದು. ಇದು ಪ್ರತಿಕಾಯ ಔಷಧ. ಕೋವಿಡ್ ಕಾಲದಿಂದ ಆಂಟಿಬಾಡಿ ಎಂಬ ಮಾತು ಕಿರಾಣಿ ಅಂಗಡಿಯವರೆಗೂ ಬಂದಿದೆಯಲ್ಲ, ಅದೇ ಜಾತಿ. ಮೈಯೊಳಗಿನ ಒಂದೇ ಗುರಿ ಹುಡುಕಿಕೊಂಡು ಹೋಗಿ ಅಂಟಿಕೊಳ್ಳುತ್ತೆ. ಕ್ಯಾನ್ಸರ್, ಕೀಲುವಾತಕ್ಕೆ ಇಂದು ಇಂಥ ಎಷ್ಟೋ ಮದ್ದುಗಳು ಬಂದು ಜೀವ ಉಳಿಸಿವೆ. ಈ ಮದ್ದೂ ರಕ್ತದ ಕ್ಯಾನ್ಸರ್ ಮತ್ತು ಕೀಲುವಾತಕ್ಕೆಂದೇ ತಯಾರಾಗಿತ್ತು. ಆದರೆ ಇದು ಮೈ ಕಾಯುವ ಟಿ ಜೀವಕೋಶಗಳನ್ನು ತಡವಿ ಎಬ್ಬಿಸುವ ಮದ್ದು. ಎಬ್ಬಿಸಿದ್ದಷ್ಟೇ ಅಲ್ಲ, ಕಾವಲುಗಾರರೇ ಮನೆಗೆ ಬೆಂಕಿ ಇಟ್ಟರು! ಡಾಕ್ಟರುಗಳು ಇದಕ್ಕೆ ‘ಸೈಟೊಕೈನ್ ಬಿರುಗಾಳಿ’ ಅನ್ನುತ್ತಾರೆ.

ಪ್ರಾಣಿಗಳ ಮೇಲೆ ಪ್ರಯೋಗ ಮಾಡಿರಲಿಲ್ಲವೇ? ಮಾಡಿದ್ದರು. ಕೋತಿಗಳಿಗೆ ತೂಕದ ಲೆಕ್ಕದಲ್ಲಿ 500 ಪಟ್ಟು ಹೆಚ್ಚು ಕೊಟ್ಟಿದ್ದರು, ಏನೂ ಆಗಿರಲಿಲ್ಲ. ಮನುಷ್ಯನಿಗೆ ಅದರ 500ರಲ್ಲೊಂದು ಪಾಲು ಅಂದ ಮೇಲೆ ಯಾರಿಗೆ ತಾನೇ ಭಯ? ಸರ್ಕಾರದ ಔಷಧ ನಿಯಂತ್ರಕರೂ ಅಸ್ತು ಅಂದರು. ಗುಟ್ಟು ಬಯಲಾದದ್ದು 2010ರಲ್ಲಿ. ಮದ್ದು ಹೋಗಿ ಹಿಡಿಯುವ ಕೊಂಡಿ ಮನುಷ್ಯನ ಕೆಲವು ಪಳಗಿದ ಟಿ ಜೀವಕೋಶಗಳ ಮೇಲೆ ಇದೆ, ಆ ಕೋತಿಗಳ ಅದೇ ಜೀವಕೋಶಗಳ ಮೇಲೆ ಇಲ್ಲ! ಅಂದರೆ ತಕ್ಕಡಿ ಸರಿಯಿತ್ತು, ಬಟ್ಟೇ ಬೇರೆ.

ಮದ್ದಿನಲ್ಲಿ ಕಲಬೆರಕೆ ಇರಲಿಲ್ಲ, ಅಳತೆಯೂ ತಪ್ಪಿರಲಿಲ್ಲ ಎಂದು ನಿಯಂತ್ರಕರ ತನಿಖೆ ಹೇಳಿತು. ಸರಿ. ಆದರೆ ಹೊಸ ಬಾಣಲೆಯಲ್ಲಿ ಮೊದಲ ಬೋಂಡಾ ಬಿಟ್ಟವನು ಅದು ಬೇಯುವ ತನಕವಾದರೂ ಕಾಯುತ್ತಾನೆ. ಇಲ್ಲಿ ಕಾದದ್ದು ಹತ್ತೇ ನಿಮಿಷ! ಪ್ರತಿಕಾಯ ಮಾತ್ರೆಯಂತಲ್ಲ. ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತೆ, ಒಮ್ಮೆ ಒಳಗೆ ಹೋದರೆ ವಾಪಸ್ ತೆಗೆಯೋಕೆ ಆಗಲ್ಲ. ಅಂಥ ಮದ್ದಿಗೆ ಇಷ್ಟು ಅವಸರ ಯಾಕೆ?

ಪ್ರೊಫೆಸರ್ ಗಾರ್ಡನ್ ಡಫ್ ಅವರ ಸಮಿತಿ 2006ರ ಡಿಸೆಂಬರಿನಲ್ಲಿ 22 ಸಲಹೆ ಕೊಟ್ಟಿತು. ಮೊದಲು ಒಬ್ಬನಿಗೇ ಕೊಡಿ, ಕಾದು ನೋಡಿ, ಆಮೇಲೆ ಇನ್ನೊಬ್ಬ ಅಂತ. ಕಂಪನಿ ಅಷ್ಟು ಹೊತ್ತಿಗೆ ದಿವಾಳಿ! ಜುಲೈನಲ್ಲೇ ಬಾಗಿಲು ಹಾಕಿತ್ತು. ಇಟ್ಟಿದ್ದ ವಿಮೆ 20 ಲಕ್ಷ ಪೌಂಡ್. ಆರು ಜನರ ಮುಂದಿನ ಬದುಕಿಗೆ ಅದನ್ನು ಹಂಚಿದರೆ ಎಷ್ಟು ಬಂದೀತು, ಅಂಗಡಿಯವರೇ ಲೆಕ್ಕ ಹಾಕಲಿ.

ಅದೇ ಮದ್ದನ್ನು ಮುಂದೆ ರಷ್ಯಾದಲ್ಲಿ ಆರೋಗ್ಯವಂತರಿಗೇ ಮತ್ತೆ ಕೊಟ್ಟರು. ಈ ಸಲ ಲಂಡನ್ ಅಳತೆಯ ಸಾವಿರದಲ್ಲೊಂದು ಪಾಲಿನಿಂದ ಶುರು. ಬಿರುಗಾಳಿ ಏಳಲಿಲ್ಲ.

ಪಾಠ ಎಲ್ಲರೂ ಕಲಿತರೇ? ಫ್ರಾನ್ಸಿನ ರೆನ್ ನಗರದಲ್ಲಿ 2016ರ ಜನವರಿ 10ರ ಸಂಜೆ ಪರೀಕ್ಷೆಗೆ ಬಂದಿದ್ದ ಒಬ್ಬ ಆರೋಗ್ಯವಂತ ಆಸ್ಪತ್ರೆ ಸೇರಿದ. ಅದು ಪ್ರತಿಕಾಯವಲ್ಲ, ಬಾಯಿಗೆ ನುಂಗುವ ಬೇರೆ ಮದ್ದು. ಮರುದಿನ ಬೆಳಗ್ಗೆ ಉಳಿದವರಿಗೆ ಮತ್ತೆ ಅದನ್ನೇ ಕೊಟ್ಟರು! ಆ ಮನುಷ್ಯ ತೀರಿಕೊಂಡ.

ನಮ್ಮ ಬೆಂಗಳೂರಿಗೂ ಪ್ರತಿಕಾಯ ಹೊಸದಲ್ಲ. ಬಯೋಕಾನ್ ಕಂಪನಿಯ ಇಟೊಲಿಜುಮ್ಯಾಬ್ 2013ರಲ್ಲಿ ಸೋರಿಯಾಸಿಸ್ ಚರ್ಮರೋಗಕ್ಕೆ ಒಪ್ಪಿಗೆ ಪಡೆಯಿತು. ಅದೂ ಟಿ ಜೀವಕೋಶದ ಮದ್ದೇ, ಆದರೆ ಎಬ್ಬಿಸೋದಲ್ಲ, ಸುಮ್ಮನಿರಿಸೋದು. ಪರೀಕ್ಷೆಯಿಂದಲೇ ತೊಂದರೆಯಾದರೆ ಚಿಕಿತ್ಸೆಯ ಖರ್ಚೂ ಪರಿಹಾರವೂ ಪರೀಕ್ಷೆ ಮಾಡಿಸಿದವರದ್ದೇ ಎಂದು ಭಾರತದ 2019ರ ನಿಯಮ ಹೇಳುತ್ತೆ. ಸಹಿ ಹಾಕುವ ಕಾಗದದಲ್ಲಿ ಈ ಮಾತು ಇದೆಯೋ ಇಲ್ಲವೋ ಅಂತ, ದುಡ್ಡಿನ ಸಾಲು ಓದುವ ಮೊದಲು ಹುಡುಕಬೇಕು. ‘ನನಗಿಂತ ಮುಂಚೆ ಎಷ್ಟು ಜನ ತಗೊಂಡಿದ್ದಾರೆ ಸಾರ್, ಅವರು ಹೇಗಿದ್ದಾರೆ?’ ಅಂತ ಕೇಳೋಕೆ ಕಾಸೇನೂ ಕೊಡಬೇಕಿಲ್ಲ.